ದನ ಕಾಯೋಕೆ ವಾರಕ್ಕೆ ಎರಡು ಲಕ್ಷ: ಅಮೆರಿಕದ ರ‍್ಯಾಂಚ್ ರಜೆಯ ಒಳಲೆಕ್ಕ

'ಓದದಿದ್ರೆ ದನ ಕಾಯೋಕೆ ಹೋಗ್ತೀಯ ನೋಡು!'

ಕಡೂರು ಕಡೆಯ ನಮ್ಮೂರ ಶಾಲೆಯಲ್ಲಿ ಈ ಮಾತು ಕೇಳದೆ ಏಳನೇ ಕ್ಲಾಸು ದಾಟಿದವರಿಲ್ಲ. ನನಗಂತೂ ಮೇಷ್ಟ್ರು ವಾರಕ್ಕೆರಡು ಸಲವಾದರೂ ಹೇಳುತ್ತಿದ್ದರು. ಆ ಹೆದರಿಕೆಗೇ ಓದಿ, ಊರು ಬಿಟ್ಟು, ಡೆನ್ವರ್‌ನಲ್ಲಿ ಕಂಪ್ಯೂಟರ್ ಮುಂದೆ ಕೂತು ಹದಿನೈದು ವರ್ಷವಾಯಿತು. ಕಳೆದ ಜೂನ್‌ನಲ್ಲಿ ತಲೆಗೆ 2,500 ಡಾಲರ್, ಅಂದರೆ ಎರಡು ಲಕ್ಷ ರೂಪಾಯಿಗೂ ಮೇಲೆ ಕೊಟ್ಟು, ಹದಿನಾಲ್ಕು ವರ್ಷದ ಮಗಳ ಜೊತೆ ವಯೋಮಿಂಗ್‌ನಲ್ಲಿ ಒಂದು ವಾರ ದನ ಕಾದು ಬಂದೆ.

ಇದು ಮಗಳ ಹಟ. ಅವಳು 'ಯೆಲ್ಲೋಸ್ಟೋನ್' ಸೀರಿಯಲ್‌ನ ತುಣುಕುಗಳನ್ನು ಫೋನಿನಲ್ಲಿ ನೋಡಿ ಕುದುರೆ ಹುಚ್ಚು ಹತ್ತಿಸಿಕೊಂಡಿದ್ದಳು. ನಾನು 'ಅಜ್ಜಿ ಮನೇಲಿ ದನ ಇದಾವಲ್ಲ, ಅಲ್ಲಿಗೇ ಹೋಗೋಣ' ಅಂದರೆ ಕೇಳಲಿಲ್ಲ. ಸರಿ, ಐ-25 ಹೆದ್ದಾರಿ ಹಿಡಿದು ಉತ್ತರಕ್ಕೆ ಆರೂವರೆ ಗಂಟೆ ಕಾರು ಓಡಿಸಿದೆವು. ಶೆರಿಡನ್ ಎಂಬ ಪುಟ್ಟ ಪಟ್ಟಣ, ಅದರ ಹಿಂದೆ ಗೋಡೆಯ ಹಾಗೆ ಎದ್ದು ನಿಂತ ಬಿಗ್‌ಹಾರ್ನ್ ಬೆಟ್ಟಸಾಲು, ಬೆಟ್ಟದ ಬುಡದಲ್ಲಿ ಆ ರ‍್ಯಾಂಚು. ಮುನ್ನೂರು ಚಿಲ್ಲರೆ ತಾಯಿ ಹಸುಗಳು, ನಲವತ್ತು ಕುದುರೆ, ಹತ್ತು ಜನ ಅತಿಥಿಗಳು. ಹೋದ ತಕ್ಷಣ ಸಹಿ ಹಾಕಿಸಿಕೊಂಡ ಮೊದಲ ಕಾಗದದಲ್ಲಿ ಇದ್ದದ್ದು ಇಷ್ಟು: ಕುದುರೆಯಿಂದ ಬಿದ್ದರೆ ನಾವು ಜವಾಬ್ದಾರರಲ್ಲ.

ಈ ಬಗೆಯ ರಜೆಯಲ್ಲಿ ಒಳಭೇದಗಳಿವೆ. ಮೊದಲನೆಯದು ಕೇವಲ ರೆಸಾರ್ಟು. ಹೆಸರಿಗೆ ರ‍್ಯಾಂಚ್, ಸ್ಪಾ, ಈಜುಕೊಳ, ಸಂಜೆ ವೈನು, ನಡುವೆ ಒಂದು ಗಂಟೆ ಕುದುರೆ ಸವಾರಿ. ಎರಡನೆಯದು ಡ್ಯೂಡ್ ರ‍್ಯಾಂಚ್. ಕುದುರೆ ಸವಾರಿಯೇ ಅಲ್ಲಿ ಮುಖ್ಯ, ದನ ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ಮೂರನೆಯದು ನಾವು ಹೋದಂಥದ್ದು: ನಿಜವಾಗಿ ದನದಿಂದ ಬದುಕುವ (ಅಥವಾ ಬದುಕಲು ನೋಡುವ) ಮನೆ, ಅತಿಥಿಗಳು ಬರಲಿ ಬಿಡಲಿ ನಡೆಯಲೇಬೇಕಾದ ಕೆಲಸ, ಆ ಕೆಲಸಕ್ಕೆ ನಮ್ಮನ್ನೂ ಸೇರಿಸಿಕೊಳ್ಳುತ್ತಾರೆ. ಈ ಮೂರಕ್ಕೂ ಜಾಹೀರಾತಿನ ಫೋಟೋ ಒಂದೇ ಥರ ಇರುತ್ತದೆ. ಹಾಗಾಗಿ ಬುಕ್ ಮಾಡುವ ಮುಂಚೆ 'ನಾವು ಬರೋ ವಾರ ದನದ ಕೆಲಸ ಏನಿದೆ?' ಅಂತ ಫೋನ್ ಮಾಡಿ ಕೇಳುವುದೊಂದೇ ದಾರಿ. ನಿಜವಾದ ರ‍್ಯಾಂಚ್‌ನವರು ತಡವರಿಸದೆ ಹೇಳುತ್ತಾರೆ: ಜೂನ್ ಆದರೆ ಕರುಗಳಿಗೆ ಬರೆ ಹಾಕುವುದು, ದನ ಬೆಟ್ಟಕ್ಕೆ ಹತ್ತಿಸುವುದು, ಜುಲೈ, ಆಗಸ್ಟ್ ಆದರೆ ಬೇಲಿ ರಿಪೇರಿ, ಉಪ್ಪಿನ ಗಟ್ಟಿ ಹೊರುವುದು, ಕಾಲು ಕುಂಟುವ ದನಕ್ಕೆ ಮದ್ದು, ಸೆಪ್ಟೆಂಬರ್ ಕೊನೆಗೆ ಎಲ್ಲವನ್ನೂ ಒಟ್ಟುಮಾಡಿ ಕೆಳಗಿಳಿಸುವುದು.

'ಡ್ಯೂಡ್' ಅನ್ನುವ ಪದ ಈಗ ನಮ್ಮ ಕಾಲೇಜು ಹುಡುಗರ ಬಾಯಲ್ಲೂ ಇದೆ. 1880ರ ದಶಕದಲ್ಲಿ ಅದರ ಅರ್ಥ ಷೋಕಿಲಾಲ, ಪಟ್ಟಣದಿಂದ ಇಸ್ತ್ರಿ ಬಟ್ಟೆ ಹಾಕಿಕೊಂಡು ಬಂದವನು. ಅಂಥವರನ್ನು ಮನೆಯಲ್ಲಿಟ್ಟುಕೊಂಡು ದುಡ್ಡು ಪಡೆಯುವ ವ್ಯವಹಾರ ಶುರುವಾದದ್ದು ಅದೇ ದಶಕದಲ್ಲಿ, ಡಕೋಟಾ ಸೀಮೆಯ ಮೆಡೋರಾ ಬಳಿ. ಪಿಟ್ಸ್‌ಬರ್ಗ್‌ನಿಂದ ಬಂದ ಈಟನ್ ಸಹೋದರರು ಅಲ್ಲಿ ದನ ಸಾಕಿದ್ದರು. ಪೂರ್ವದ ಊರುಗಳಿಂದ ಸ್ನೇಹಿತರು, ಸ್ನೇಹಿತರ ಸ್ನೇಹಿತರು ಬಂದು ತಿಂಗಳುಗಟ್ಟಲೆ ಉಳಿಯುತ್ತಿದ್ದರು. ಕೊನೆಗೆ ಅತಿಥಿಯೇ ಸಂಕೋಚಪಟ್ಟು 'ಊಟದ ಖರ್ಚಾದರೂ ತಗೊಳ್ಳಿ' ಅಂದದ್ದರಿಂದ ಈ ವ್ಯಾಪಾರ ಹುಟ್ಟಿತು ಎಂದು ಹೇಳುವುದು ವಾಡಿಕೆ. 1904ರಲ್ಲಿ ಅವರು ಶೆರಿಡನ್ ಹತ್ತಿರದ ವುಲ್ಫ್ ಎಂಬಲ್ಲಿಗೆ ಬಂದರು. ಆ ರ‍್ಯಾಂಚ್ ಇವತ್ತಿಗೂ ನಡೆಯುತ್ತಿದೆ.

ಆದರೆ ಬರೀ ಅತಿಥಿಯ ಸಂಕೋಚದಿಂದ ಒಂದು ಉದ್ಯಮ ಹುಟ್ಟುವುದಿಲ್ಲ. 1886-87ರ ಚಳಿಗಾಲದಲ್ಲಿ ಹಿಮ ಗಟ್ಟಿಯಾಗಿ, ಹುಲ್ಲು ಬಾಯಿಗೆ ಸಿಗದೆ ಆ ಬಯಲುಗಳಲ್ಲಿ ಲಕ್ಷಾಂತರ ದನ ಸತ್ತವು. ಮುಂದೆ ಅಧ್ಯಕ್ಷರಾದ ಥಿಯೋಡರ್ ರೂಸ್‌ವೆಲ್ಟ್ ಆಗ ಮೆಡೋರಾದಲ್ಲೇ ದನ ಸಾಕಿದ್ದರು, ಅವರ ಹಿಂಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೋಯಿತು. ಬೇಲಿಯಿಲ್ಲದ ಬಯಲಲ್ಲಿ ದನ ಬಿಟ್ಟು ಸಾಹುಕಾರರಾಗುವ ಕಾಲ ಅಲ್ಲಿಗೆ ಮುಗಿಯಿತು. 1874ರಲ್ಲಿ ಜೋಸೆಫ್ ಗ್ಲಿಡನ್ ಪೇಟೆಂಟ್ ಪಡೆದಿದ್ದ ಮುಳ್ಳುತಂತಿ ಉಳಿದ ಬಯಲನ್ನು ತುಂಡು ಮಾಡಿತು. ನಾವು ಸಿನಿಮಾದಲ್ಲಿ ನೋಡುವ ಕೌಬಾಯ್ ಯುಗ ನಡೆದದ್ದು ಹೆಚ್ಚೆಂದರೆ ಇಪ್ಪತ್ತು, ಇಪ್ಪತ್ತೈದು ವರ್ಷ. ಅದು ಮುಗಿಯುತ್ತಿದ್ದ ಹೊತ್ತಿಗೇ ಅದನ್ನು ನೋಡಲು ಟಿಕೆಟ್ ಮಾರಾಟವೂ ಶುರುವಾಯಿತು. ಮೊದಲ ಮಹಾಯುದ್ಧದ ನಂತರ ದನದ ಬೆಲೆ ಬಿದ್ದಾಗ ರೈಲು ಕಂಪನಿಗಳು ಖಾಲಿ ಬೋಗಿ ತುಂಬಿಸಲು ಇದನ್ನೇ ಪ್ರಚಾರ ಮಾಡಿದವು. 1926ರಲ್ಲಿ ನಾರ್ದರ್ನ್ ಪೆಸಿಫಿಕ್ ರೈಲ್ವೆಯ ಬೆಂಬಲದಿಂದ ಡ್ಯೂಡ್ ರ‍್ಯಾಂಚರ್ಸ್ ಅಸೋಸಿಯೇಷನ್ ಹುಟ್ಟಿತು. 1991ರಲ್ಲಿ 'ಸಿಟಿ ಸ್ಲಿಕರ್ಸ್' ಸಿನಿಮಾ ಬಂದು ದನ ಹೊಡೆಯುವ ರಜೆಗೆ ಇನ್ನೊಂದು ಅಲೆ ಎಬ್ಬಿಸಿತು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಕಾಫಿ ಬೆಲೆ ಕುಸಿದಾಗ ಕೊಡಗು, ಚಿಕ್ಕಮಗಳೂರಿನ ಎಷ್ಟೋ ತೋಟದ ಮನೆಗಳು ಹೋಂಸ್ಟೇ ಆದವಲ್ಲ, ಹೆಚ್ಚು ಕಡಿಮೆ ಅದೇ ಕಥೆ. ವ್ಯತ್ಯಾಸ ಒಂದೇ. ನಮ್ಮ ಹೋಂಸ್ಟೇಯಲ್ಲಿ ಅತಿಥಿಗೆ ಕಾಫಿ ಕುಡಿಸುತ್ತಾರೆ, ಹಣ್ಣು ಬಿಡಿಸಲು ಕಳಿಸುವುದಿಲ್ಲ.

ಎರಡನೇ ದಿನ ಬೆಳಗಿನ ಐದೂವರೆಗೆ ಬರೆ ಹಾಕುವ ಕೆಲಸ ಶುರುವಾಯಿತು. ನಮ್ಮ ಕಡೆ ದನಕ್ಕೆ ಬರೆ ಎಳೆಯುತ್ತಿದ್ದದ್ದು ಕಾಯಿಲೆಗೆ. ಇಲ್ಲಿ ಬರೆ ಅಂದರೆ ವಿಳಾಸ. ಪ್ರತಿ ರ‍್ಯಾಂಚಿನ ಗುರುತು ರಾಜ್ಯ ಸರ್ಕಾರದಲ್ಲಿ ನೋಂದಣಿಯಾಗಿರುತ್ತದೆ. ದನ ಮಾರುವಾಗ, ಕೌಂಟಿ ಗಡಿ ದಾಟಿಸುವಾಗ ಇನ್ಸ್‌ಪೆಕ್ಟರ್ ಬಂದು ಅದನ್ನು ನೋಡಬೇಕು.

ತಾಯಂದಿರನ್ನು ಬೇಲಿಯಾಚೆ ನಿಲ್ಲಿಸಿ ಕರುಗಳನ್ನು ಒಳಗೆ ಉಳಿಸಿಕೊಳ್ಳುತ್ತಾರೆ. ಆಮೇಲೆ ಆ ಕೂಗು ಮಧ್ಯಾಹ್ನದವರೆಗೆ ನಿಲ್ಲುವುದಿಲ್ಲ. ಕುದುರೆ ಮೇಲಿದ್ದವನು ಕುಣಿಕೆ ಎಸೆದು ಕರುವಿನ ಹಿಂಗಾಲು ಹಿಡಿದು ಎಳೆದು ತರುತ್ತಾನೆ. ಇಬ್ಬರು ಅದನ್ನು ಮಗ್ಗುಲಿಗೆ ಕೆಡವಿ ಒತ್ತಿ ಹಿಡಿಯಬೇಕು. ಒಬ್ಬ ಬರೆ, ಇನ್ನೊಬ್ಬ ಎರಡು ಚುಚ್ಚುಮದ್ದು, ಗಂಡಾದರೆ ಮೂರನೆಯವ ಚಾಕು ಹಿಡಿದು ಬೀಜ ತೆಗೆಯುತ್ತಾನೆ. ಎಲ್ಲ ಸೇರಿ ಒಂದೆರಡು ನಿಮಿಷ. ಸುಟ್ಟ ಕೂದಲಿನ ವಾಸನೆ ಮೂಗಿನಿಂದ ಹೋಗಲು ಎರಡು ದಿನ ಬೇಕಾಯಿತು. ನನ್ನ ಪಾಲಿಗೆ ಬಂದದ್ದು ಹಿಂಗಾಲು. ಮೊದಲ ಕರು ನನ್ನ ಮಂಡಿಗೆ ಒದ್ದು ಎದ್ದು ಹೋಯಿತು. ಮಗಳು ಬೇಲಿ ಮೇಲೆ ಕೂತು ಸುಮ್ಮನೆ ನೋಡಿದಳು, ಹತ್ತಿರ ಬರಲಿಲ್ಲ. ಯಾರೂ ಬಲವಂತ ಮಾಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವಳೇ ಇಳಿದು ಬಂದು ಲಸಿಕೆ ಹಾಕಿದ ಕರುಗಳ ಲೆಕ್ಕ ಬರೆಯುವ ಕೆಲಸ ಕೇಳಿ ಪಡೆದಳು.

ಆ ಅಂಗಳದಲ್ಲಿ ಸುಮಾರು ಮೂವತ್ತು ಜನ ಇದ್ದರು. ಎಲ್ಲರೂ ಮಾಡುತ್ತಿದ್ದದ್ದು ಒಂದೇ ಕೆಲಸ, ಬಂದ ಲೆಕ್ಕ ಮಾತ್ರ ಬೇರೆ ಬೇರೆ. ಅರ್ಧ ಜನ ಅಕ್ಕಪಕ್ಕದ ರ‍್ಯಾಂಚಿನವರು. ನಮ್ಮಲ್ಲಿ ಮುಯ್ಯಾಳು ಅನ್ನುತ್ತೇವಲ್ಲ, ಅದೇ: ಇವತ್ತು ನಿಮ್ಮ ಕರುಗಳಿಗೆ ನಾವು ಬರುತ್ತೇವೆ, ಮುಂದಿನ ವಾರ ನಮ್ಮಲ್ಲಿಗೆ ನೀವು ಬನ್ನಿ, ಕೂಲಿ ಇಲ್ಲ, ಊಟ ಗಡದ್ದು. ಐದಾರು ಜನ ಸಂಬಳದವರು. ಉಳಿದವರು ನಾವು, ದುಡ್ಡು ಕೊಟ್ಟು ಒದೆ ತಿನ್ನಲು ಬಂದವರು. ಊಟದ ಹೊತ್ತಿಗೆ ರ‍್ಯಾಂಚಿನ ಒಡತಿಯನ್ನು ಕೇಳಿದೆ, 'ನಮ್ಮಿಂದ ನಿಮಗೆ ಎಷ್ಟು ಕೆಲಸ ಉಳೀತು?' ಅರವತ್ತು ದಾಟಿದ ಹೆಂಗಸು, ಮಾತು ನೇರ. 'ಉಳೀತಾ? ನೀವಿಲ್ಲದಿದ್ದರೆ ಹನ್ನೊಂದಕ್ಕೇ ಮುಗಿದಿರೋದು' ಅಂದರು.

ಹಾಗಾದರೆ ಅವರು ನಮಗೆ ಮಾರುತ್ತಿರುವುದಾದರೂ ಏನು? ಆರಾಮವಂತೂ ಅಲ್ಲ. ಹಾಸಿಗೆ ಗಟ್ಟಿ, ಫೋನಿಗೆ ಸಿಗ್ನಲ್ ಇಲ್ಲ, ಮೂರನೇ ದಿನದ ಹೊತ್ತಿಗೆ ಜೀನಿನ ಮೇಲೆ ಕೂರಲೂ ಆಗದು, ಇಳಿದು ನಡೆಯಲೂ ಆಗದು. ಅವರು ಮಾರುವುದು ಕೆಲಸವನ್ನೇ. ಸಂಜೆಗೆ 'ಇಷ್ಟು ಆಯಿತು' ಅಂತ ಕಣ್ಣಿಗೆ ಕಾಣುವ ಕೆಲಸ. ನಮ್ಮ ಗುಂಪಿನಲ್ಲಿ ವಕೀಲರಿದ್ದರು, ಇನ್ಶೂರೆನ್ಸ್ ಕಂಪನಿಯವರಿದ್ದರು, ಜರ್ಮನಿಯಿಂದ ಬಂದ ದಂಪತಿ ಇದ್ದರು. ಒಬ್ಬರಿಗೂ ತಮ್ಮ ಆಫೀಸಿನಲ್ಲಿ ಅಂಥ ಸಂಜೆ ಸಿಗುವುದಿಲ್ಲ. ನನಗೂ ಸಿಗುವುದಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಕೆಲಸ ಹೀಗೆ ಸಿಹಿಯಾಗುವುದಕ್ಕೆ ಒಂದು ಷರತ್ತಿದೆ: ಅದರಿಂದ ನಿಮ್ಮ ಹೊಟ್ಟೆ ತುಂಬಬೇಕಾಗಿರಬಾರದು. ಶನಿವಾರ ಬಿಟ್ಟು ಹೊರಡಲು ಆಗುವಂತಿರಬೇಕು.

ಈಗ ಅವರ ಲೆಕ್ಕಕ್ಕೆ ಬರೋಣ. ಮುನ್ನೂರು ತಾಯಿ ಹಸು ಇದ್ದರೆ ವರ್ಷಕ್ಕೆ ಉಳಿದು ಬೆಳೆಯುವುದು 260 ಕರು ಅನ್ನಿ. ಅದರಲ್ಲಿ ನಲವತ್ತು ಹೆಣ್ಣು ಕರುಗಳನ್ನು ಹಿಂಡಿಗೆ ಉಳಿಸಿಕೊಂಡರೆ ಮಾರಾಟಕ್ಕೆ 220. ಅಕ್ಟೋಬರ್‌ನಲ್ಲಿ ತಲಾ 550 ಪೌಂಡ್, ಅಂದರೆ 250 ಕೆಜಿ ತೂಗುತ್ತವೆ. 2020ರ ಸುಮಾರಿಗೆ ಪೌಂಡಿಗೆ ಒಂದೂವರೆ ಡಾಲರ್ ಇತ್ತು. ಅಲ್ಲಿಗೆ ಇಡೀ ವರ್ಷದ ದುಡಿಮೆ ಒಂದು ಲಕ್ಷದ ಎಂಬತ್ತು ಸಾವಿರ ಡಾಲರ್. ದೊಡ್ಡ ಮೊತ್ತ ಅನಿಸುತ್ತದೆ. ಅದರಲ್ಲೇ ಚಳಿಗಾಲದ ಒಣಹುಲ್ಲು, ಡೀಸೆಲ್, ಪಶುವೈದ್ಯ, ಆಳಿನ ಸಂಬಳ, ಬ್ಯಾಂಕಿನ ಬಡ್ಡಿ ಎಲ್ಲ ಹೋಗಬೇಕು. ಇನ್ನೊಂದು ಬದಿಗೆ ನೋಡಿ: ವಾರಕ್ಕೆ ಹತ್ತು ಅತಿಥಿ, ತಲಾ 2,500 ಡಾಲರ್, ಬೇಸಿಗೆಯ ಹತ್ತು ವಾರ. ಎರಡೂವರೆ ಲಕ್ಷ ಡಾಲರ್. ಅಡುಗೆಯವರು, ಕುದುರೆಗಳು, ವಿಮೆ ಅಂತ ಖರ್ಚು ಇದಕ್ಕೂ ಇದೆ. ಆದರೂ ಆರು ತಿಂಗಳು ಹಿಮದಲ್ಲಿ ಒದ್ದಾಡಿ ಸಾಕಿದ ದನಕ್ಕಿಂತ ಹತ್ತು ವಾರದ ಡ್ಯೂಡ್‌ಗಳು ಹೆಚ್ಚು ಹಾಲು ಕೊಡುತ್ತವೆ! (ಈ ಜೋಕು ನನ್ನದಲ್ಲ, ಆ ಒಡತಿಯದು. 'ಡ್ಯೂಡ್‌ಗಳಿಗೆ ಲಸಿಕೆಯೂ ಬೇಡ' ಅಂತ ಸೇರಿಸಿದರು.)

ಬೆಲೆ ಯಾಕೆ ಅವರ ಕೈಯಲ್ಲಿಲ್ಲ ಅನ್ನುವುದಕ್ಕೆ ಕಾರಣವಿದೆ. ಈ ಕರುಗಳು ಇಲ್ಲಿಂದ ಹೋಗುವುದು ನೆಬ್ರಾಸ್ಕಾ, ಕಾನ್ಸಸ್ ಕಡೆಯ ಫೀಡ್‌ಲಾಟ್‌ಗಳಿಗೆ, ಅಂದರೆ ಜೋಳ ತಿನ್ನಿಸಿ ಕೊಬ್ಬಿಸುವ ದೊಡ್ಡ ದೊಡ್ಡಿಗಳಿಗೆ. ಅಲ್ಲಿಂದ ಕಸಾಯಿಖಾನೆಗೆ. ಆ ಹಂತದಲ್ಲಿ ಟೈಸನ್, ಜೆಬಿಎಸ್, ಕಾರ್ಗಿಲ್, ನ್ಯಾಷನಲ್ ಬೀಫ್ ಎಂಬ ನಾಲ್ಕು ಕಂಪನಿಗಳ ಕೈಯಲ್ಲಿ ಮಾರುಕಟ್ಟೆಯ ಸುಮಾರು ಶೇ. 85 ಇದೆ. ಕೊಳ್ಳುವವರು ನಾಲ್ಕೇ ಜನ ಆದಾಗ ಮಾರುವವನ ಮಾತು ಎಷ್ಟು ನಡೆದೀತು ಅನ್ನುವುದನ್ನು ನಮ್ಮ ಅಡಿಕೆ, ಕೊಬ್ಬರಿ ಬೆಳೆಗಾರರಿಗೆ ಬಿಡಿಸಿ ಹೇಳಬೇಕಿಲ್ಲ. ಈಚೆಗೆ ಕರುವಿನ ಬೆಲೆ ದುಪ್ಪಟ್ಟಿಗೂ ಹೆಚ್ಚಾಗಿದೆ, ನಿಜ. ಬರಗಾಲಕ್ಕೆ ಮೇವಿಲ್ಲದೆ ರ‍್ಯಾಂಚಿನವರು ತಾಯಿ ಹಸುಗಳನ್ನೇ ಮಾರಿಕೊಂಡದ್ದು ಅದಕ್ಕೆ ದೊಡ್ಡ ಕಾರಣ. 2025ರ ಜನವರಿಯಲ್ಲಿ ಅಮೆರಿಕದ ಒಟ್ಟು ದನಗಳ ಸಂಖ್ಯೆ 8.67 ಕೋಟಿ, 1951ರ ನಂತರದ ಅತಿ ಕಡಿಮೆ. ಬೆಲೆ ಬಂದಾಗ ಮಾರಲು ದನವಿಲ್ಲ, ದನವಿದ್ದಾಗ ಬೆಲೆಯಿಲ್ಲ.

ಮತ್ತೆ ಜಮೀನಿನ ಮಾತು. ನಾಲ್ಕನೇ ದಿನ ದನಗಳನ್ನು ಬೆಟ್ಟ ಹತ್ತಿಸಿದೆವು. ಸ್ವಂತ ಜಮೀನು ಮುಗಿದು ಒಂದು ಗೇಟು ದಾಟಿದರೆ ಬಿಗ್‌ಹಾರ್ನ್ ರಾಷ್ಟ್ರೀಯ ಅರಣ್ಯ. ಅದು ಸರ್ಕಾರದ್ದು. ಪಶ್ಚಿಮ ಅಮೆರಿಕದ ದನಗಾರಿಕೆ ನಿಂತಿರುವುದೇ ಇಂಥ ಗೋಮಾಳದ ಮೇಲೆ. ಭೂನಿರ್ವಹಣಾ ಇಲಾಖೆಯೊಂದರ ಕೈಯಲ್ಲೇ ಮೇಯಿಸಲು ಬಿಟ್ಟ 15.5 ಕೋಟಿ ಎಕರೆ ಇದೆ, ಅರಣ್ಯ ಇಲಾಖೆಯದು ಬೇರೆ. ಒಂದು ಹಸು ಮತ್ತದರ ಕರು ಒಂದು ತಿಂಗಳು ಮೇಯಲು 2019ರಿಂದ 2025ರವರೆಗೆ ಇದ್ದ ಶುಲ್ಕ 1.35 ಡಾಲರ್. ಖಾಸಗಿಯವರ ಹುಲ್ಲುಗಾವಲಾದರೆ ಇಪ್ಪತ್ತು ಡಾಲರ್ ಮೇಲೆ. ಶೆರಿಡನ್ ಪೇಟೆಯಲ್ಲಿ ಕಾಫಿ ಕುಡಿಯುತ್ತಾ ಸರ್ಕಾರವನ್ನು ಬೈಯುವ ರ‍್ಯಾಂಚರ್‌ಗಳನ್ನು ಕಂಡಾಗ ಈ ಅಂಕಿ ನೆನಪಾಗಿ ನಗು ಬಂತು. ಆದರೆ ಇನ್ನೊಂದು ಮುಖವೂ ಇದೆ. ಈ ಮನೆ ಸೋತು ಮಾರಿಕೊಂಡರೆ ಕೊಳ್ಳುವವನು ಇನ್ನೊಬ್ಬ ದನಗಾರನಲ್ಲ. ಬೆಟ್ಟದ ನೋಟಕ್ಕೆ ಬೆಲೆ ಕಟ್ಟುವ ಶ್ರೀಮಂತ, ಇಲ್ಲವೇ ಮೂವತ್ತೈದು ನಲವತ್ತು ಎಕರೆಯ ತುಂಡು ಮಾಡಿ ಸೈಟ್ ಹಂಚುವವನು. ನಮ್ಮಂಥವರ ರಜೆಯ ದುಡ್ಡು ಆ ಬೇಲಿಯನ್ನು ಇನ್ನಷ್ಟು ವರ್ಷ ತಡೆಯುತ್ತಿದೆ ಅನ್ನುವುದೂ ಸುಳ್ಳಲ್ಲ.

ರಾತ್ರಿ ಬೆಂಕಿಯ ಸುತ್ತ ಕೂತಾಗ ಒಡತಿಯ ಅಜ್ಜನ ಅಜ್ಜ ಇಲ್ಲಿಗೆ ಬಂದ ಕಥೆ ಕೇಳಿದೆವು. ಬಂದಾಗ 'ಏನೂ ಇರಲಿಲ್ಲ' ಅನ್ನುವಲ್ಲಿಂದ ಕಥೆ ಶುರು. ಏನೂ ಇರಲಿಲ್ಲವೇ? 1851ರ ಫೋರ್ಟ್ ಲಾರಮಿ ಒಪ್ಪಂದದಲ್ಲಿ ಈ ಬೆಟ್ಟಗಳು ಕ್ರೋ ಜನರ ನೆಲವೆಂದು ಅಮೆರಿಕ ಸರ್ಕಾರವೇ ಒಪ್ಪಿತ್ತು. 1868ರಲ್ಲಿ ಅವರ ನೆಲವನ್ನು ಸುಮಾರು 80 ಲಕ್ಷ ಎಕರೆಗೆ ಇಳಿಸಿತು, ಆಮೇಲೆ ಇನ್ನಷ್ಟು ಕಿತ್ತುಕೊಂಡಿತು. ಅದೇ ದಶಕಗಳಲ್ಲಿ ಕೋಟಿಗಟ್ಟಲೆ ಇದ್ದ ಕಾಡೆಮ್ಮೆಗಳನ್ನು, ಅಂದರೆ ಬೈಸನ್‌ಗಳನ್ನು, ಸಾವಿರಕ್ಕೆ ಇಳಿಯುವಷ್ಟು ಕೊಂದರು. ಆ ಖಾಲಿ ಹುಲ್ಲಿನ ಮೇಲೆ ದನ ಬಂದವು. ಹಿಂತಿರುಗುವ ಮೊದಲು ಒಂದು ಗಂಟೆ ಉತ್ತರಕ್ಕೆ ಹೋಗಿ, 1876ರಲ್ಲಿ ಲಕೋಟಾ ಮತ್ತು ಶಾಯೆನ್ ಯೋಧರು ಕಸ್ಟರ್‌ನ ಪಡೆಯನ್ನು ಮುಗಿಸಿದ ಲಿಟಲ್ ಬಿಗ್‌ಹಾರ್ನ್ ಬಯಲನ್ನು ನಾವು ನೋಡಿದೆವು. ಅದು ಈಗಿನ ಕ್ರೋ ಮೀಸಲು ಪ್ರದೇಶದ ಒಳಗಿದೆ. ರ‍್ಯಾಂಚಿನ ಕಾರ್ಯಕ್ರಮ ಪಟ್ಟಿಯಲ್ಲಿ ಅದಿರಲಿಲ್ಲ.

ಕೌಬಾಯ್ ಎಂದರೆ ಬಿಳಿಯ ಎಂಬುದೂ ಸಿನಿಮಾ ಕೊಟ್ಟದ್ದು. ಈ ಕಸುಬು ಮೆಕ್ಸಿಕೋದ ವಕೇರೋಗಳಿಂದ ಬಂದದ್ದು. ರ‍್ಯಾಂಚ್, ಲ್ಯಾಸೋ, ರೋಡಿಯೋ ಪದಗಳೆಲ್ಲ ಸ್ಪ್ಯಾನಿಷ್. ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರೂ ಟೆಕ್ಸಸ್‌ನ ದನಗಾರರಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದರು, ನಾಲ್ವರಲ್ಲಿ ಒಬ್ಬರು ಎನ್ನುವುದು ಇತಿಹಾಸಕಾರರ ಅಂದಾಜು.

ಈಗಲೂ ಅಷ್ಟೇ. ಬೆಟ್ಟದ ತಪ್ಪಲಲ್ಲಿ ಕುರಿ ಹಿಂಡೊಂದು ಸಿಕ್ಕಿತು. ಪುಟ್ಟ ಡೇರೆ ಗಾಡಿ, ಎರಡು ನಾಯಿ, ಒಬ್ಬನೇ ಒಬ್ಬ ಮನುಷ್ಯ. ಪೆರು ದೇಶದವನು. ನಮ್ಮ ಗುಂಪು ನಿಂತು ಫೋಟೋ ತೆಗೆದುಕೊಂಡಿತು, ಅವನು ಕೈ ಬೀಸಿದ. ಇಂಥವರು ಬರುವುದು ಎಚ್-2ಎ ಎಂಬ ಕೃಷಿ ವೀಸಾದಲ್ಲಿ. (ನಮ್ಮವರ ಎಚ್-1ಬಿಗೆ ಒಂದೇ ಅಕ್ಷರದ ನೆಂಟಸ್ತಿಕೆ, ಅದರ ಗೋಳಾಟ ಮಾತ್ರ ಎಲ್ಲ ಪತ್ರಿಕೆಯಲ್ಲೂ ಬರುತ್ತದೆ.) ಬಯಲಲ್ಲಿ ಕುರಿ, ದನ ಕಾಯುವವರಿಗೆ ಕೇಂದ್ರ ಸರ್ಕಾರದ ನಿಯಮವೇ ಬೇರೆ: ಗಂಟೆ ಲೆಕ್ಕವಿಲ್ಲ, ವಾರಕ್ಕೆ 48 ಗಂಟೆ ಎಂದು ಊಹಿಸಿ ಕಟ್ಟಿದ ತಿಂಗಳ ಸಂಬಳ. ಊಟ, ಬಿಡಾರ ಮಾಲೀಕನದು. ಆ ಸಂಬಳ ಹೆಚ್ಚಿನ ರಾಜ್ಯಗಳಲ್ಲಿ ಈಗ ತಿಂಗಳಿಗೆ ಸುಮಾರು ಎರಡು ಸಾವಿರ ಡಾಲರ್. ಹಗಲು ರಾತ್ರಿ ಕಾಯುವವನ ಒಂದು ತಿಂಗಳಿಗೆ ಬರುವುದಕ್ಕಿಂತ ಹೆಚ್ಚನ್ನು ನಾನು ಒಂದು ವಾರ ಕಾದಂತೆ ಮಾಡಲು ಕೊಟ್ಟಿದ್ದೆ.

ನಾವು ಸಸ್ಯಾಹಾರಿಗಳೆಂದು ಮೊದಲೇ ಬರೆದಿದ್ದರಿಂದ ಬೀನ್ಸು, ಆಲೂಗಡ್ಡೆ, ಮೊಟ್ಟೆಯಲ್ಲಿ ವಾರ ಕಳೆಯಿತು. ಹೋಗುವವರು ಒಂದು ಡಬ್ಬಿ ಉಪ್ಪಿನಕಾಯಿ ಇಟ್ಟುಕೊಳ್ಳಿ. ಬೆಳಗಿನ ಕಾಫಿಗೆ ಹಾಲು ಮಾತ್ರ ಶೆರಿಡನ್‌ನ ಸೂಪರ್‌ಮಾರ್ಕೆಟ್‌ನಿಂದ ಬಂದ ಪ್ಲಾಸ್ಟಿಕ್ ಕ್ಯಾನಿನದು.

ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ ತಡೆಯಲಾಗದಷ್ಟು ಸಿಟ್ಟು ಬಂದದ್ದು ಅದಕ್ಕೇ. 'ಮುನ್ನೂರು ಹಸು ಇಟ್ಕೊಂಡು ಹಾಲು ಅಂಗಡಿಯಿಂದ ತರ್ತಾರಾ?' ಕರೆಯೋದಿಲ್ಲಮ್ಮ, ಹಾಲೆಲ್ಲ ಕರುವಿಗೇ ಬಿಡ್ತಾರೆ ಅಂದೆ. ಅದು ಅವರಿಗೆ ಹಿಡಿಸಿತು. 'ಪುಣ್ಯವಂತರು' ಅಂದರು. ಆಮೇಲೆ, ಕರು ದೊಡ್ಡದಾದ ಮೇಲೆ ಏನು ಮಾಡ್ತಾರೆ ಅಂತ ಕೇಳಿದರು. ಅಕ್ಟೋಬರ್‌ನಲ್ಲಿ ಲಾರಿ ಬರುತ್ತದೆ ಅಂದೆ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಕೇಳಬಾರದಿತ್ತೇನೋ, ಕೇಳಿಬಿಟ್ಟೆ. ನಮ್ಮ ಮನೆಯ ಎಚ್‌ಎಫ್ ಹಸು ಹೋದ ವರ್ಷ ಗಂಡು ಕರು ಹಾಕಿತ್ತು. ಉಳಲು ಟ್ರ್ಯಾಕ್ಟರ್ ಬಂದ ಮೇಲೆ ಆ ಕರು ಯಾರಿಗೂ ಬೇಡ. 2021ರಿಂದ ಜಾರಿಯಲ್ಲಿರುವ ನಮ್ಮ ರಾಜ್ಯದ ಕಾಯ್ದೆಯ ಪ್ರಕಾರ ಅದನ್ನು ಕಡಿಯಲು ಮಾರುವಂತಿಲ್ಲ. ಹದಿಮೂರು ವರ್ಷ ದಾಟಿದ ಎಮ್ಮೆ, ಕೋಣಕ್ಕಷ್ಟೇ ಆ ವಿನಾಯಿತಿ. 'ನಮ್ಮ ಕರು ಏನಾಯ್ತಮ್ಮ?' ಅಂದೆ.

'ಯಾರೋ ಬಂದು ಕೇಳಿದ್ರು, ಹೊಡ್ಕೊಂಡು ಹೋದ್ರು.'

'ಯಾರು? ಎಲ್ಲಿಗೆ?'

'ನಾನ್ಯಾಕೆ ಕೇಳ್ಲಿ ಅದನ್ನೆಲ್ಲ' ಅಂದರು. 'ಅದಿರಲಿ, ನಿನ್ನ ಮಗಳು ಸರಿಯಾಗಿ ಊಟ ಮಾಡಿದ್ಲಾ ಅಲ್ಲಿ?'